ಎರಡು ಬಾಗಿಲು, ಒಬ್ಬ ಕಾವಲುಗಾರ

ಪುಣೆಯ ಕೊಂಢವಾ ಮೂಲದಲ್ಲಿ ಎರಡು ಹಳ್ಳಿ: ಕೊಂಢವಾ ಖುರ್ದ್, ಕೊಂಢವಾ ಬುದ್ರುಕ್. ಖುರ್ದ್ ಅಂದರೆ ಚಿಕ್ಕದು, ಬುದ್ರುಕ್ ಅಂದರೆ ದೊಡ್ಡದು. ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರ ಊರ ಪಕ್ಕದಲ್ಲೇ ಕಂಗ್ರಾಳಿ ಕೆ.ಎಚ್., ಕಂಗ್ರಾಳಿ ಬಿ.ಕೆ. ಇವೆ. ಇವತ್ತಿನ ಕೊಂಢವಾ ಗೇಟು, ವಾಚ್‌ಮನ್, ವಿಸಿಟರ್ ಪುಸ್ತಕ ಇರುವ ಹೌಸಿಂಗ್ ಸೊಸೈಟಿಗಳ ಬಡಾವಣೆ. ಹಡಪಸರದ ಮಗರಪಟ್ಟಾದಂಥ ಐಟಿ ಕೇಂದ್ರಗಳಿಗೆ ಹೋಗಿಬರುವವರು ಇಲ್ಲಿ ಮನೆ ಮಾಡಿದ್ದಾರೆ. ಉತ್ತರ ಕರ್ನಾಟಕದ ಹುಡುಗ ಹುಡುಗಿಯರೂ ಅವರಲ್ಲಿ ಸೇರಿದ್ದಾರೆ.

ಇವರಲ್ಲಿ ಕೆಲವರ ಕೆಲಸದ ಹೆಸರು ‘ಬಿಲ್ಡ್’ ನೋಡಿಕೊಳ್ಳುವುದು. ಹತ್ತಾರು ಜನ ಬರೆದ ಕೋಡನ್ನು ಒಟ್ಟುಮಾಡಿ, ಪರೀಕ್ಷಿಸಿ, ಓಡುವ ಸಾಫ್ಟ್‌ವೇರ್ ಆಗಿಸುವ ಕೆಲಸ ಅದು. ಯಾವ ಕೆಲಸ ಯಾರಿಗೆ ಎಂದು ಹಂಚುವುದು ಒಂದು ಸರ್ವರ್; ನಿಜವಾಗಿ ದುಡಿಯುವುದು ‘ಏಜೆಂಟ್’ ಎಂಬ ಬೇರೆ ಯಂತ್ರಗಳು. ಏಜೆಂಟ್‌ಗೆ ಸರ್ವರ್ ಸಿಗದಿದ್ದರೆ ಕೆಲಸವೆಲ್ಲ ಸಾಲಿನಲ್ಲಿ ನಿಲ್ಲುತ್ತದೆ. ಮಧ್ಯೆ ಒಂದು ಲೋಡ್ ಬ್ಯಾಲೆನ್ಸರ್ ಬಂದು ಕೂತ ಮೇಲೆ ಈ ತೊಂದರೆಗೆ ಒಂದು ವಿಚಿತ್ರ ರೂಪ ಬಂತು: ಬ್ರೌಸರಿನಲ್ಲಿ ಸರ್ವರ್ ಚೆನ್ನಾಗಿ ಕಾಣುತ್ತದೆ, ಏಜೆಂಟ್ ಮಾತ್ರ ಆಫ್‌ಲೈನ್. ರಾತ್ರಿ ಹನ್ನೊಂದಕ್ಕೆ ಫೋನ್ ಬಂದಾಗ ಎಲ್ಲರೂ ಸೆಟ್ಟಿಂಗ್ ಹುಡುಕುತ್ತಾರೆ. ಆದರೆ ಈ ಕಾಯಿಲೆಯ ಬೇರು ಇತಿಹಾಸದಲ್ಲಿದೆ. ಒಂದೇ ಕೋಣೆಯಲ್ಲಿ ಕೂತು ಮಾತಾಡಲು ಹುಟ್ಟಿದ ಎರಡು ಯಂತ್ರಗಳ ನಡುವೆ, ಅವುಗಳ ಭಾಷೆ ಗೊತ್ತಿಲ್ಲದ ಕಾವಲುಗಾರನನ್ನು ನಾವು ತಂದು ನಿಲ್ಲಿಸಿದ್ದೇವೆ.

ಒಂದೇ ಕೋಣೆಯ ಕಾಲ

2004ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ ‘ಹಡ್ಸನ್’ ಬರೆಯಲು ಶುರುಮಾಡಿದರು. 2005ರಲ್ಲಿ ಅದು ಬಿಡುಗಡೆಯಾಯಿತು. 2010ರಲ್ಲಿ ಒರಾಕಲ್ ಸನ್ ಕಂಪನಿಯನ್ನು ಕೊಂಡಿತು. ಹೆಸರು ಯಾರದ್ದು ಎಂಬ ಜಗಳ ಎದ್ದಿತು. 2011ರ ಜನವರಿಯಲ್ಲಿ ಬಳಕೆದಾರರ ಸಮುದಾಯ 214 ಮತಗಳಿಗೆ 14ರಂತೆ ಹೊಸ ಹೆಸರನ್ನು ಒಪ್ಪಿತು: ಜೆಂಕಿನ್ಸ್. ಬಿಲ್ಡ್ ಸರ್ವರ್ ಎಂದಾಗ ಬಹಳ ಜನರಿಗೆ ಮೊದಲು ನೆನಪಾಗುವುದು ಇದೇ.

ಜೆಂಕಿನ್ಸ್‌ನಲ್ಲಿ ಏಜೆಂಟ್ ಜೋಡಿಸಲು ಎರಡು ದಾರಿ ಬಳಕೆಗೆ ಬಂದವು. ಒಂದು, ಸರ್ವರ್ ತಾನೇ ಎಸ್‌ಎಸ್‌ಎಚ್ ಮೂಲಕ ಏಜೆಂಟನ್ನು ಕರೆಯುವುದು. ಇನ್ನೊಂದು, ಏಜೆಂಟ್ ತಾನೇ ಸರ್ವರ್ ಬಳಿ ಬರುವುದು. ಈ ಎರಡನೆಯದಕ್ಕೆ ಜೆಎನ್‌ಎಲ್‌ಪಿ ಎಂಬ ಹೆಸರು ಅಂಟಿತು. ಅದು 2001ರಲ್ಲಿ ಬಂದ ಜಾವಾ ವೆಬ್ ಸ್ಟಾರ್ಟ್‌ನಿಂದ ಎರವಲು ತಂದ ಹೆಸರು; ಬ್ರೌಸರಿನ ಒಂದು ಕೊಂಡಿ ಒತ್ತಿ ಪ್ರೋಗ್ರಾಂ ಶುರುಮಾಡುವ ತಂತ್ರ ಅದು.

ಹೀಗೆ ಬರುವ ಏಜೆಂಟ್ ಎರಡು ಬಾಗಿಲು ದಾಟಬೇಕು. ಮೊದಲು 8080ನೇ ಪೋರ್ಟ್‌ನ ಎಚ್‌ಟಿಟಿಪಿ ಬಾಗಿಲಲ್ಲಿ, ‘ನಾನು ಯಾವ ಪೋರ್ಟ್‌ಗೆ ಬರಬೇಕು?’ ಎಂದು ಕೇಳುತ್ತದೆ. ಉತ್ತರದ ತಲೆಬರಹದಲ್ಲಿ ಒಂದು ಸಂಖ್ಯೆ ಸಿಗುತ್ತದೆ. ಆಮೇಲೆ ಏಜೆಂಟ್ ಆ ಸಂಖ್ಯೆಯ ಟಿಸಿಪಿ ಬಾಗಿಲಿಗೆ ಹೋಗಿ, ಅಲ್ಲಿ ತೆರೆದ ಸಂಪರ್ಕವನ್ನು ದಿನಗಟ್ಟಲೆ ಹಿಡಿದು ಕೂರುತ್ತದೆ. ಹಳೆಯ ಜೆಂಕಿನ್ಸ್‌ನಲ್ಲಿ ಈ ಎರಡನೆಯ ಪೋರ್ಟ್ ಸರ್ವರ್ ಶುರುವಾದಾಗಲೆಲ್ಲ ಬದಲಾಗಬಹುದಿತ್ತು. ಎಲ್ಲ ಯಂತ್ರಗಳೂ ಒಂದೇ ಕಚೇರಿಯ ಒಂದೇ ಜಾಲದಲ್ಲಿದ್ದಾಗ ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ಮುಂದೆ ಡಾಕರ್ ಚಿತ್ರಿಕೆಗಳಲ್ಲಿ 50000 ಎಂಬ ಸಂಖ್ಯೆ ರೂಢಿಯಾಯಿತು.

ಗೇಟಿಗೆ ಬಂದವನು

ಲೋಡ್ ಬ್ಯಾಲೆನ್ಸರ್‌ನ ವಂಶ ಬೇರೆ. 2001ರ ಕೊನೆಯಲ್ಲಿ ಎಚ್‌ಎ‌ಪ್ರಾಕ್ಸಿ, 2004ರಲ್ಲಿ ಎಂಜಿನ್‌ಎಕ್ಸ್, 2009ರಲ್ಲಿ ಅಮೆಜಾನಿನ ಲೋಡ್ ಬ್ಯಾಲೆನ್ಸರ್ ಬಂದವು. ಇವು ಹುಟ್ಟಿದ್ದು ಜನ ಮುಗಿಬೀಳುವ ಜಾಲತಾಣಗಳಿಗಾಗಿ. ಹಿಂದೆ ಹತ್ತು ಸರ್ವರ್ ಇವೆ, ಹತ್ತೂ ಒಂದೇ ಥರ, ಯಾವುದು ಉತ್ತರ ಕೊಟ್ಟರೂ ಸರಿ ಎಂಬ ನಂಬಿಕೆಯ ಮೇಲೆ ಅವು ನಿಂತಿವೆ. ಕೇಳಿದ್ದಕ್ಕೆ ಉತ್ತರ ಕೊಡು, ಸಂಪರ್ಕ ಬಿಡು, ಮುಂದಿನವರನ್ನು ಕರೆ.

ಜೆಂಕಿನ್ಸ್ ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ ಲೆಕ್ಕ ಇಟ್ಟುಕೊಂಡಿರುವ ಗುಮಾಸ್ತ ಒಬ್ಬನೇ. ಅವನ ಪಕ್ಕ ಇನ್ನೊಬ್ಬನನ್ನು ಕೂರಿಸಿ ಅರ್ಧ ಏಜೆಂಟ್‌ಗಳನ್ನು ಅತ್ತ ಕಳಿಸಿದರೆ, ಆ ಹೊಸಬನಿಗೆ ಅವು ಯಾರೆಂದೇ ಗೊತ್ತಿರುವುದಿಲ್ಲ. ಆದರೂ ಸರ್ಟಿಫಿಕೇಟ್‌ಗೆ, ಒಂದೇ ವಿಳಾಸಕ್ಕೆ, ಭದ್ರತೆಗೆ ಬ್ಯಾಲೆನ್ಸರ್ ಬೇಕೇಬೇಕಾಯಿತು. 2016ರ ಜೂನ್‌ನಲ್ಲಿ ಅಮೆಜಾನ್ ತನ್ನ ಮುಂಬೈ ಕೇಂದ್ರ ತೆರೆಯಿತು; ಅದೇ ಆಗಸ್ಟ್‌ನಲ್ಲಿ ಎಚ್‌ಟಿಟಿಪಿ ಮಾತ್ರ ತಿಳಿದ ಹೊಸ ಬ್ಯಾಲೆನ್ಸರ್ ಹೊರತಂದಿತು. ಪುಣೆಯವರಿಗೆ ಘಾಟಿಯ ಕೆಳಗೇ ಕ್ಲೌಡ್ ಸಿಕ್ಕಿತು, ಜೊತೆಗೆ ಗೇಟಿನ ಕಾವಲುಗಾರನೂ ಸಿಕ್ಕ.

ಆಗ ಕಾಣಿಸಿಕೊಂಡ ತೊಂದರೆಗಳು ಮುಖ್ಯವಾಗಿ ಮೂರು. ಒಂದು, ಮೊದಲ ಬಾಗಿಲು ತೆರೆದಿದೆ, ಎರಡನೆಯದು ಕಾವಲುಗಾರನಿಗೆ ಗೊತ್ತೇ ಇಲ್ಲ. ಏಜೆಂಟ್ 50000 ಎಂಬ ಉತ್ತರ ಪಡೆದು ಬ್ಯಾಲೆನ್ಸರ್‌ನ ವಿಳಾಸದಲ್ಲೇ ಆ ಪೋರ್ಟ್ ತಟ್ಟುತ್ತದೆ. ಅಲ್ಲಿ ಇರುವುದು ಗೋಡೆ. ಇದಕ್ಕಾಗಿಯೇ ಏಜೆಂಟ್‌ಗೆ ‘ಟನಲ್’ ಎಂಬ ಆಯ್ಕೆ ಇದೆ: ಎರಡನೆಯ ಬಾಗಿಲಿನ ವಿಳಾಸವನ್ನು ಬೇರೆಯಾಗಿ ಹೇಳಿಕೊಡುವುದು.

ಎರಡು, ಮೌನ. ಈ ಬ್ಯಾಲೆನ್ಸರ್ 60 ಸೆಕೆಂಡ್ ಮಾತಿಲ್ಲದ ಸಂಪರ್ಕವನ್ನು ಕತ್ತರಿಸುತ್ತದೆ; ಎಂಜಿನ್‌ಎಕ್ಸ್‌ನ ಮೂಲ ಮಿತಿಯೂ ಅಷ್ಟೇ. ಜೆಂಕಿನ್ಸ್ ತನ್ನ ಏಜೆಂಟನ್ನು ‘ಇದ್ದೀಯಾ?’ ಎಂದು ಕೇಳುವುದು 300 ಸೆಕೆಂಡಿಗೊಮ್ಮೆ. ಟಿಸಿಪಿಯನ್ನು ದಾಟಿಸಬಲ್ಲ ಬ್ಯಾಲೆನ್ಸರ್ ಇಟ್ಟರೂ ಅದರ ಮಿತಿ 60 ಸೆಕೆಂಡಾದರೆ ಈ ಎರಡು ಸಂಖ್ಯೆಗಳ ನಡುವೆ ಏಜೆಂಟ್ ಸಾಯುತ್ತದೆ. ಸುಮ್ಮನಿದ್ದಾಗ ಮಾತ್ರ ಬೀಳುವ ಏಜೆಂಟ್‌ಗೆ ಕಾರಣ ಸಾಮಾನ್ಯವಾಗಿ ಇದೇ.

ಮೂರು, ಆರೋಗ್ಯ ತಪಾಸಣೆ. ಬ್ಯಾಲೆನ್ಸರ್ ಆಗಾಗ ಮುಖಪುಟ ತಟ್ಟಿ 200 ಎಂಬ ಉತ್ತರ ನಿರೀಕ್ಷಿಸುತ್ತದೆ. ಲಾಗಿನ್ ಬೇಡುವ ಜೆಂಕಿನ್ಸ್ ಅಪರಿಚಿತರಿಗೆ 403 ಎನ್ನುತ್ತದೆ. ಗಟ್ಟಿಮುಟ್ಟಾದ ಸರ್ವರನ್ನು ಕಾವಲುಗಾರ ರೋಗಿ ಎಂದು ಬರೆದುಕೊಳ್ಳುತ್ತಾನೆ. ತಪಾಸಣೆಯನ್ನು ಲಾಗಿನ್ ಪುಟಕ್ಕೆ ತಿರುಗಿಸಿದರೆ ಸಾಕು.

ಹಿತ್ತಿಲ ಬಾಗಿಲಿನ ಭಯ

ಹಾಗಾದರೆ ಎರಡನೆಯ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟರಾಗದೇ? 2015ರ ನವೆಂಬರ್ 6ರಂದು ಇದಕ್ಕೆ ಉತ್ತರ ಸಿಕ್ಕಿತು. ಫಾಕ್ಸ್‌ಗ್ಲವ್ ಸೆಕ್ಯುರಿಟಿಯ ಸಂಶೋಧಕರು ಜಾವಾ ವಸ್ತುಗಳನ್ನು ಕಣ್ಣುಮುಚ್ಚಿ ಬಿಚ್ಚುವ ಸರ್ವರ್‌ಗಳ ಮೇಲೆ ಹೊರಗಿನವರು ಲಾಗಿನ್ ಇಲ್ಲದೆಯೇ ಆಜ್ಞೆ ಓಡಿಸಬಹುದು ಎಂದು ತೋರಿಸಿದರು. ಪಟ್ಟಿಯಲ್ಲಿ ವೆಬ್‌ಲಾಜಿಕ್, ವೆಬ್‌ಸ್ಫಿಯರ್, ಜೆಬಾಸ್ ಜೊತೆ ಜೆಂಕಿನ್ಸ್ ಕೂಡ ಇತ್ತು. ಐದೇ ದಿನಗಳಲ್ಲಿ ತಿದ್ದುಪಡಿ ಬಂತು. ಬಿಲ್ಡ್ ಸರ್ವರ್ ಬಳಿ ಕಂಪನಿಯ ಕೋಡ್, ಪಾಸ್‌ವರ್ಡ್, ಗ್ರಾಹಕರಿಗೆ ಸಾಫ್ಟ್‌ವೇರ್ ತಲುಪಿಸುವ ಕೀಲಿ ಎಲ್ಲ ಇರುತ್ತವೆ. ಅದು ಕೈಬಿಟ್ಟರೆ ಮನೆಯೇ ಕೈಬಿಟ್ಟಂತೆ.

2016ರ ಏಪ್ರಿಲ್‌ನಲ್ಲಿ ಬಂದ ಜೆಂಕಿನ್ಸ್ 2.0ರಲ್ಲಿ ‘ಸ್ಲೇವ್’ ಹೋಗಿ ‘ಏಜೆಂಟ್’ ಎಂಬ ಪದ ಬಂತು. ಮುಂದೆ ಹೊಸದಾಗಿ ಹಾಕುವ ಸರ್ವರ್‌ನಲ್ಲಿ ಆ ಟಿಸಿಪಿ ಪೋರ್ಟ್ ಮುಚ್ಚಿಯೇ ಇರುವುದು ರೂಢಿಯಾಯಿತು. ಹಳೆಯ ಬಾಯಿಪಾಠದಂತೆ ಎಲ್ಲ ಸರಿ ಮಾಡಿದರೂ ಏಜೆಂಟ್ ಬರಲಿಲ್ಲ ಎಂದು ತಲೆ ಕೆರೆದುಕೊಂಡವರು ನಿಜವಾಗಿ ಎದುರಾಗಿದ್ದು ಈ ಎಚ್ಚರಿಕೆಗೆ. ಮುಂದಿನ ಜೆಎನ್‌ಎಲ್‌ಪಿ 4 ತನ್ನ ಮಾತನ್ನು ತಾನೇ ಗೂಢಲಿಪಿಯಲ್ಲಿ ಕಟ್ಟಿಕೊಂಡು ಬರುತ್ತದೆ. ಮಧ್ಯದ ಬ್ಯಾಲೆನ್ಸರ್ ಆ ಗಂಟನ್ನು ಬಿಚ್ಚಲು ಹೋಗದೆ ಹಾಗೇ ದಾಟಿಸಬೇಕು.

ಒಂದೇ ಬಾಗಿಲು

ಪರಿಹಾರ ಬಂದದ್ದು 2020ರ ಜನವರಿಯಲ್ಲಿ, 2.217ನೇ ಆವೃತ್ತಿಯಲ್ಲಿ. ಏಜೆಂಟ್ ಈಗ ವೆಬ್‌ಸಾಕೆಟ್ ಮೂಲಕ ಬರಬಹುದು: ಎಲ್ಲರಂತೆ ಎಚ್‌ಟಿಟಿಪಿ ಗೇಟಿನಲ್ಲೇ ಒಳಬಂದು, ‘ಈ ಸಂಪರ್ಕವನ್ನು ಬಿಡಬೇಡ, ಮಾತು ಮುಂದುವರಿಸೋಣ’ ಎಂದು ಕೇಳಿಕೊಳ್ಳುವುದು. ಎರಡನೆಯ ಪೋರ್ಟ್ ಬೇಡ, ಟನಲ್ ಬೇಡ. ‘ಇದ್ದೀಯಾ?’ ಎಂಬ ಕೂಗು ಇಲ್ಲಿ 30 ಸೆಕೆಂಡಿಗೊಮ್ಮೆ. ಅಂದರೆ 60ರ ಒಳಗೆ. ದೀರ್ಘಕಾಲ ಬೆಂಬಲವಿರುವ 2.222.1 ಬಿಡುಗಡೆಯಾದದ್ದು ಮಾರ್ಚ್ 25ರಂದು. ದೇಶವಿಡೀ ಲಾಕ್‌ಡೌನ್ ಶುರುವಾದ ದಿನವೂ ಅದೇ. ಕೊಂಢವಾದ ಊಟದ ಮೇಜುಗಳು ಕಚೇರಿಯಾದ ದಿನಗಳಲ್ಲಿ, ಎರಡನೆಯ ಬಾಗಿಲು ಬೇಡದ ಏಜೆಂಟ್ ಸಿದ್ಧವಾಗಿತ್ತು.

ವೆಬ್‌ಸಾಕೆಟ್‌ನ ಮಾನದಂಡ ಪ್ರಕಟವಾದದ್ದು 2011ರಲ್ಲಿ. ಜೆಂಕಿನ್ಸ್ ಏಜೆಂಟ್‌ಗೆ ಅದು ತಲುಪಲು ಎಂಟು ವರ್ಷ ದಾಟಿತು. ಇಂದಿಗೂ ಎಂಜಿನ್‌ಎಕ್ಸ್ ಹಿಂದೆ ಅದು ಕೆಲಸ ಮಾಡಲು ‘ಅಪ್‌ಗ್ರೇಡ್’ ಎಂಬ ತಲೆಬರಹವನ್ನು ದಾಟಿಸುವಂತೆ ನಾವು ಕೈಯಾರೆ ಬರೆಯಬೇಕು. ಜಾವಾ ವೆಬ್ ಸ್ಟಾರ್ಟ್ 2018ರ ಜಾವಾ 11ರಲ್ಲಿ ಇಲ್ಲವಾಯಿತು. ಜೆಎನ್‌ಎಲ್‌ಪಿ ಎಂಬ ಅದರ ಹೆಸರು ಮಾತ್ರ ಲಾಗ್‌ಗಳಲ್ಲಿ ಉಳಿದಿದೆ, ಹೊಲ ಹೋದ ಮೇಲೂ ಉಳಿದ ಖುರ್ದ್, ಬುದ್ರುಕ್ ಹಾಗೆ.

ಆದ್ದರಿಂದ ಏಜೆಂಟ್ ಬರದಿದ್ದಾಗ ಮೂರು ಪ್ರಶ್ನೆ ಕೇಳಿ. ಯಾರು ಯಾರನ್ನು ಕರೆಯುತ್ತಿದ್ದಾರೆ? ಎಷ್ಟು ಬಾಗಿಲು ದಾಟಬೇಕು? ನಡುವಿನವನು ಎಷ್ಟು ಹೊತ್ತಿನ ಮೌನವನ್ನು ಸಹಿಸುತ್ತಾನೆ? ಸರ್ವರನ್ನು ಮತ್ತೆ ಶುರುಮಾಡುವುದಕ್ಕಿಂತ ಈ ಮೂರರ ಉತ್ತರ ಬೇಗ ದಾರಿ ತೋರಿಸುತ್ತದೆ.