ಅನ್ನವೂ ಮನಸ್ಸೂ

ಊಟಕ್ಕೆ ಕುಳಿತವರು ಎಲೆಯ ಸುತ್ತ ನೀರನ್ನು ಬಳಸಿ, ನಾಲ್ಕು ಅಗುಳನ್ನು ಪಕ್ಕಕ್ಕಿಟ್ಟು, ಅನಂತರ ತುತ್ತನ್ನೆತ್ತುವ ಪದ್ಧತಿಯನ್ನು ನಮ್ಮಲ್ಲಿ ಅನೇಕರು ಮನೆಯ ಹಿರಿಯರಲ್ಲಿ ಕಂಡಿದ್ದೇವೆ. ಕೆಲವು ಮನೆಗಳಲ್ಲಿ ಅನ್ನವನ್ನು ಇಷ್ಟಲಿಂಗಕ್ಕೆ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸುವರು. ಜೈನರ ಮನೆಗಳಲ್ಲಿ ಸೂರ್ಯನು ಮುಳುಗುವುದಕ್ಕೆ ಮುಂಚೆಯೇ ಊಟವನ್ನು ಮುಗಿಸುವರು. ಆಚಾರಗಳು ಬೇರೆ ಬೇರೆಯಾದರೂ ಇವೆಲ್ಲದರ ಹಿಂದೆ ಒಂದೇ ಪ್ರಶ್ನೆಯು ಅಡಗಿರುವಂತೆ ತೋರುತ್ತದೆ: ಮನುಷ್ಯನನ್ನು ನಿಜವಾಗಿ ಪೋಷಿಸತಕ್ಕದ್ದು ಯಾವುದು? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ದೊರೆತ ಕೆಲವು ಉತ್ತರಗಳ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಮಾಡೋಣ.

ಬಹು ಪ್ರಾಚೀನವಾದ ಉತ್ತರವೊಂದು ಛಾಂದೋಗ್ಯೋಪನಿಷತ್ತಿನಲ್ಲಿದೆ. ಉದ್ದಾಲಕ ಆರುಣಿಯ ಮಗನಾದ ಶ್ವೇತಕೇತುವು ಹನ್ನೆರಡು ವರ್ಷ ವೇದಾಧ್ಯಯನವನ್ನು ಮಾಡಿ, ಪಂಡಿತನೆಂಬ ಗರ್ವದಿಂದ ಮನೆಗೆ ಹಿಂದಿರುಗಿದನು. ಉಂಡ ಅನ್ನವು ಮೂರು ಭಾಗವಾಗುವುದೆಂದೂ, ಸ್ಥೂಲಭಾಗವು ಮಲವಾಗಿ, ಮಧ್ಯಮಭಾಗವು ಮಾಂಸವಾಗಿ, ಅತಿ ಸೂಕ್ಷ್ಮಭಾಗವು ಮನಸ್ಸಾಗುವುದೆಂದೂ ತಂದೆಯು ಅವನಿಗೆ ಬೋಧಿಸಿದನು. ಮಾತಿನಿಂದ ಮಾತ್ರ ತಿಳಿಸಿ ತೃಪ್ತನಾಗಲಿಲ್ಲ. ಹದಿನೈದು ದಿನ ಅನ್ನವನ್ನು ಮುಟ್ಟದೆ ನೀರನ್ನು ಮಾತ್ರ ಕುಡಿದಿರುವಂತೆ ಮಗನಿಗೆ ಅಪ್ಪಣೆಮಾಡಿದನು. ಆಮೇಲೆ ವೇದವನ್ನು ಹೇಳೆಂದು ಕೇಳಿದರೆ ಶ್ವೇತಕೇತುವಿಗೆ ಒಂದು ಮಂತ್ರವೂ ತೋರಲಿಲ್ಲ. ಉಂಡು ಬಂದ ಬಳಿಕ ಎಲ್ಲವೂ ನೆನಪಿಗೆ ಬಂದಿತು. ಮಹಾಗ್ನಿಯು ಆರಿ ಉಳಿದ ಮಿಣುಕುಹುಳುವಿನಷ್ಟು ಕೆಂಡಕ್ಕೆ ಹುಲ್ಲನ್ನು ಹಾಕಿದರೆ ಮತ್ತೆ ಉರಿಯುವ ಹಾಗೆ ಇದು ಆಯಿತೆಂದು ತಂದೆಯು ವಿವರಿಸಿದನು. ಮಗನ ಆತ್ಮವಿಚಾರಕ್ಕೆ ಪೀಠಿಕೆಯಾದ ಪಾಠವು ಹಸಿವಿನ ಪಾಠವೆಂಬುದನ್ನು ನಾವು ಗಮನಿಸಬೇಕು.

ಬೌದ್ಧರು ಈ ವಿಚಾರವನ್ನು ಇನ್ನಷ್ಟು ವಿಸ್ತರಿಸಿದರು. ಜೀವಿಗಳನ್ನು ಉಳಿಸುವ ಆಹಾರವು ನಾಲ್ಕು ಬಗೆಯೆಂದು ಪಾಲಿ ಗ್ರಂಥಗಳಲ್ಲಿ ಹೇಳಿದೆ: ಬಾಯಿಂದ ತಿನ್ನುವ ತುತ್ತು, ಇಂದ್ರಿಯಗಳ ಸ್ಪರ್ಶ, ಮನಸ್ಸಿನ ಸಂಕಲ್ಪ, ವಿಜ್ಞಾನ. ಕಣ್ಣಿನಿಂದ ನೋಡುವುದೂ, ಮನಸ್ಸಿನಲ್ಲಿ ಬಯಸುವುದೂ ನಮ್ಮನ್ನು ಬೆಳೆಸುವ ಇಲ್ಲವೆ ಕೆಡಿಸುವ ಆಹಾರವೇ ಎಂದು ಇದರ ತಾತ್ಪರ್ಯ. ಇಷ್ಟು ಸೂಕ್ಷ್ಮವಾಗಿ ಆಲೋಚಿಸಿದವರು ತುತ್ತನ್ನು ಕಡೆಗಣಿಸಿದರೋ ಎಂದರೆ ಹಾಗಲ್ಲ. ಧಮ್ಮಪದದ ಹಳೆಯ ವ್ಯಾಖ್ಯಾನದಲ್ಲಿ ಒಂದು ಕಥೆಯಿದೆ. ಆಳವಿಯೆಂಬ ಊರಿನಲ್ಲಿ ಬುದ್ಧನ ಉಪದೇಶವನ್ನು ಕೇಳಬೇಕೆಂದಿದ್ದ ಬಡ ಬೇಸಾಯಗಾರನೊಬ್ಬನು, ತಪ್ಪಿಸಿಕೊಂಡ ಎತ್ತನ್ನು ಹುಡುಕಿ ಅಲೆದು, ಹಸಿದು ತಡವಾಗಿ ಬಂದನು. ಬುದ್ಧನು ಅವನಿಗಾಗಿ ಕಾದಿದ್ದು, ಉಳಿದ ಅನ್ನವನ್ನು ಮೊದಲು ಬಡಿಸಿಸಿ, ಅವನು ಉಂಡ ಮೇಲೆಯೇ ಧರ್ಮವನ್ನು ಉಪದೇಶಿಸಿದನು. ಹೊಟ್ಟೆಯು ಉರಿಯುತ್ತಿರುವವನಿಗೆ ಧರ್ಮವು ಕಿವಿಗೆ ಬೀಳುವುದಿಲ್ಲವೆಂಬುದನ್ನು ಆ ಮಹಾತ್ಮನು ಬಲ್ಲವನಾಗಿದ್ದನು.

ಆಹಾರವು ಶುದ್ಧವಾದರೆ ಚಿತ್ತವು ಶುದ್ಧವಾಗುವುದೆಂಬ ಛಾಂದೋಗ್ಯದ ಮತ್ತೊಂದು ವಾಕ್ಯದ ವಿಷಯದಲ್ಲಿ ಆಚಾರ್ಯರಲ್ಲಿ ಅಭಿಪ್ರಾಯಭೇದವುಂಟು. ಇಂದ್ರಿಯಗಳು ಒಳಕ್ಕೆ ತರುವ ವಿಷಯಜ್ಞಾನವೇ ಇಲ್ಲಿ ಆಹಾರವೆಂದು ಶಂಕರರು ವ್ಯಾಖ್ಯಾನಿಸಿದರು. ಮೇಲುಕೋಟೆಯಲ್ಲಿ ಬಹುಕಾಲ ನೆಲಸಿದ್ದ ರಾಮಾನುಜರ ಪಕ್ಷದಲ್ಲಿ ಅದು ನಾವು ಉಣ್ಣುವ ಅನ್ನವೇ. ಜಾತಿ, ಆಶ್ರಯ, ನಿಮಿತ್ತಗಳೆಂಬ ಮೂರು ದೋಷಗಳು ಅದನ್ನು ಸೋಂಕಬಾರದು. ಇಲ್ಲಿ ಜಾತಿಯೆಂದರೆ ಪದಾರ್ಥದ ಸ್ವಭಾವ, ಆಶ್ರಯವೆಂದರೆ ಅದು ಯಾರಿಂದ ಬಂದಿತೆಂಬುದು, ನಿಮಿತ್ತವೆಂದರೆ ಕೂದಲು ಮೊದಲಾದವುಗಳ ಸಂಪರ್ಕ. ಎರಡು ಅರ್ಥಗಳೂ ಗಂಭೀರವಾದವುಗಳೇ. ಆದರೆ ಯಾರ ಕೈಯನ್ನ ಶುದ್ಧವೆಂಬ ಚರ್ಚೆಯು ಲೋಕವ್ಯವಹಾರದಲ್ಲಿ ಮನುಷ್ಯರ ನಡುವೆ ಗೋಡೆಯಾಗಿ ಬೆಳೆಯಿತೆಂಬುದನ್ನು ಚರಿತ್ರೆಯು ಮರೆಮಾಚಲಾರದು.

ಆ ಗೋಡೆಯನ್ನು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕೆಡವಲೆತ್ನಿಸಿದರು. ಅವರ ಮತದಲ್ಲಿ ಕಾಯಕದಿಂದ ಗಳಿಸಿ, ದಾಸೋಹದಲ್ಲಿ ಹಂಚಿ, ಪ್ರಸಾದವೆಂದು ಉಂಡ ಅನ್ನವೇ ಶುದ್ಧವಾದದ್ದು. ಆಯ್ದಕ್ಕಿ ಮಾರಯ್ಯನೂ ಲಕ್ಕಮ್ಮನೂ ಇದಕ್ಕೆ ಉತ್ತಮ ನಿದರ್ಶನ. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚಾಗಿ ತರಲು, ಲಕ್ಕಮ್ಮನು ಅದನ್ನು ಒಳಕ್ಕೆ ಸೇರಿಸದೆ, ಈಸಕ್ಕಿಯಾಸೆ ನಿಮಗೇಕೆಂದು ಕೇಳಿ, ಮಿಕ್ಕದ್ದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳೆಂದು ಪ್ರತೀತಿ. ಬಡವಳಾದ ಗೃಹಿಣಿಯೊಬ್ಬಳು ಹಿಡಿಯಷ್ಟು ಅಕ್ಕಿಯಲ್ಲಿ ಮನಸ್ಸಿನ ಆರೋಗ್ಯವನ್ನು ಅಳೆದಳು. ಅಂಥ ಮನೆಯಲ್ಲಿಯೇ ದಾಸೋಹವೂ ನಡೆಯುತ್ತಿತ್ತು.

ಈ ವಿಚಾರಗಳನ್ನು ಓದುವಾಗ ನಮ್ಮ ನಾಡಿನ ಮತ್ತೊಂದು ನೆನಪನ್ನು ಬದಿಗಿಡಲಾಗದು. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಘೋರವಾದ ಕ್ಷಾಮವು ಕಾಡಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೀರಿದ್ದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಅನ್ನವೇ ಇಲ್ಲದ ಮನೆಯಲ್ಲಿ ಮಿತಾಹಾರದ ಮಾತು ಪರಿಹಾಸ್ಯವಾಗುತ್ತದೆ. ಸ್ವೇಚ್ಛೆಯಿಂದ ಕೈಕೊಂಡ ಉಪವಾಸವು ವ್ರತ. ವಿಧಿಯಿಲ್ಲದೆ ಬಿದ್ದ ಉಪವಾಸವು ಸಮಾಜದ ಪಾಪ.

ಆದಕಾರಣ ಹಿರಿಯರ ಉತ್ತರಗಳನ್ನು ನಾವು ಒಟ್ಟಿಗೆ ಓದತಕ್ಕದ್ದು ಯುಕ್ತ. ಅನ್ನವು ಮನಸ್ಸಾಗುವುದೆಂದು ಉದ್ದಾಲಕನು ತೋರಿಸಿದನು. ಹಸಿದವನಿಗೆ ಮೊದಲು ಬಡಿಸಬೇಕೆಂದು ಬುದ್ಧನು ನಡೆದು ತೋರಿಸಿದನು. ಬೇಕಾದಷ್ಟಕ್ಕೆ ಕೈಯನ್ನು ನಿಲ್ಲಿಸಬೇಕೆಂದು ಲಕ್ಕಮ್ಮನು ಕಲಿಸಿದಳು. ಎಲೆಯ ಮುಂದೆ ಕುಳಿತಾಗ ಒಂದು ನಿಮಿಷ ಮೌನವಾಗಿದ್ದು, ಈ ಅನ್ನವನ್ನು ಬೆಳೆದವರು ಯಾರು, ಬೇಯಿಸಿದವರು ಯಾರು, ಇಂದು ಇದು ದೊರೆಯದವರು ಯಾರು ಎಂದು ನೆನೆದರೆ, ಆ ನೆನಪೂ ನಮ್ಮ ಆಹಾರದ ಒಂದು ಭಾಗವಾಗುವುದು.