ಅಕ್ಷರ ಒಂದು, ಅಂಕಿ ಎರಡು

ಕಳೆದ ಶತಮಾನದ ಕೊನೆಯ ದಶಕದಲ್ಲಿ, ಎರಡು ಸಾವಿರದ ಇಸವಿಯ ದೋಷವನ್ನು ತಿದ್ದುವ ಕೆಲಸಕ್ಕೆಂದು ಅಮೆರಿಕಕ್ಕೆ ಬಂದ ಕನ್ನಡಿಗರಲ್ಲಿ ನನ್ನ ಯಜಮಾನರೂ ಒಬ್ಬರು. ಹಿರಿಯ ಸಹೋದ್ಯೋಗಿಯೊಬ್ಬರು ಕೊಟ್ಟ ಹಳದಿ ಬಣ್ಣದ ಮಡಿಕೆಯ ಕಾರ್ಡೊಂದು ಅವರ ಮೇಜಿನ ಮೇಲೆ ಸದಾ ಇರುತ್ತಿತ್ತು. ಅದರ ತುಂಬ ಅಕ್ಷರಗಳು, ಅವುಗಳೆದುರು ಅಂಕಿಗಳು. ಕಾಲೇಜಿನಲ್ಲಿ ಇತಿಹಾಸವನ್ನು ಐಚ್ಛಿಕವಾಗಿ ಓದಿದ ನನಗೆ ಅದು ಶಾಸನಲಿಪಿಯ ಪಟ್ಟಿಯಂತೆಯೇ ಕಂಡಿತು. ಯಂತ್ರದ ಈ ಲಿಪಿಗೂ ಒಂದು ಇತಿಹಾಸವಿದೆ. ಅದನ್ನರಿಯದೆ ಮೇನ್‌ಫ್ರೇಮಿನ ಹಳೆಯ ಕಡತಗಳನ್ನು ಹೊಸ ಯಂತ್ರಕ್ಕೆ ತಂದಾಗ ಜನರ ಹೆಸರೂ ಹಣವೂ ಕೆಡುತ್ತವೆ.

ಗಣಕಯಂತ್ರಕ್ಕೆ ತಿಳಿದಿರುವುದು ಅಂಕಿ ಮಾತ್ರ. ಯಾವ ಅಕ್ಷರಕ್ಕೆ ಯಾವ ಅಂಕಿ ಎಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ. 1890ರ ಅಮೆರಿಕದ ಜನಗಣತಿಗೆ ಹರ್ಮನ್ ಹಾಲರಿತ್ ಬಳಸಿದ ತೂತಿನ ಕಾರ್ಡುಗಳು ಈ ಕಥೆಯ ಮೂಲ. ಮುಂದೆ ಕಾರ್ಡಿನ ಮೇಲೆ ಇಂಗ್ಲಿಷಿನ 26 ಅಕ್ಷರಗಳನ್ನೂ ಗುರುತಿಸಬೇಕಾಗಿ ಬಂದಾಗ, ನಮ್ಮ ವರ್ಗೀಯ ವ್ಯಂಜನಗಳ ಹಾಗೆ, ಅವನ್ನು ಮೂರು ವರ್ಗಗಳಾಗಿ ಒಡೆದರು: ಎ ಇಂದ ಐ ತನಕ ಒಂಬತ್ತು, ಜೆ ಇಂದ ಆರ್ ತನಕ ಒಂಬತ್ತು, ಉಳಿದವು ಎಂಟು. ಒಂದು ತೂತು ವರ್ಗಕ್ಕೆ, ಇನ್ನೊಂದು ಸ್ಥಾನಕ್ಕೆ. 1964ರ ಏಪ್ರಿಲ್ 7ರಂದು ಐಬಿಎಂ ಸಂಸ್ಥೆ ಸಿಸ್ಟಂ/360 ಯಂತ್ರವನ್ನು ಪ್ರಕಟಿಸಿದಾಗ, ಅದರ ಎಬ್ಸಿಡಿಕ್ ಎಂಬ ಸಂಕೇತಪಟ್ಟಿ ಈ ಒಡಕನ್ನು ಹಾಗೆಯೇ ಉಳಿಸಿಕೊಂಡಿತು. ಅಲ್ಲಿ ಎ ಅಕ್ಷರಕ್ಕೆ 193, ಐ ಅಕ್ಷರಕ್ಕೆ 201. ಅದರ ಮುಂದಿನ ಜೆ ಒಮ್ಮೆಗೇ 209ಕ್ಕೆ ಜಿಗಿಯುತ್ತದೆ.

ಅಷ್ಟರಲ್ಲಿ, 1963ರಲ್ಲಿಯೇ, ಆಸ್ಕಿ ಎಂಬ ಮತ್ತೊಂದು ಪಟ್ಟಿ ಹೊರಬಂದಿತ್ತು. ಇದರಲ್ಲಿ ಎ ಎಂದರೆ 65; ಅಲ್ಲಿಂದ ಝಡ್‌ನ 90ರವರೆಗೆ ಎಲ್ಲಿಯೂ ಕಂದಕವಿಲ್ಲ. ವಿನೋದವೆಂದರೆ, ಆಸ್ಕಿಯನ್ನು ರೂಪಿಸಲು ಶ್ರಮಿಸಿದ ಬಾಬ್ ಬೀಮರ್ ಐಬಿಎಂನಲ್ಲೇ ದುಡಿದವರು. 1968ರ ಮಾರ್ಚ್ 11ರಂದು ಅಧ್ಯಕ್ಷ ಜಾನ್ಸನ್, ಮುಂದಿನ ವರ್ಷದ ಜುಲೈ 1ರ ನಂತರ ಕೇಂದ್ರ ಸರ್ಕಾರ ಕೊಳ್ಳುವ ಗಣಕಗಳಿಗೆಲ್ಲ ಆಸ್ಕಿ ತಿಳಿದಿರಬೇಕೆಂದು ಆಜ್ಞಾಪಿಸಿದರು. ಆದರೆ ಗಿರಾಕಿಗಳ ಬಳಿ ರಾಶಿಬಿದ್ದಿದ್ದ ಕಾರ್ಡುಗಳು ರಾಜಾಜ್ಞೆಗೆ ಬಗ್ಗುತ್ತವೆಯೇ? ಮೇನ್‌ಫ್ರೇಮ್ ತನ್ನ ಲಿಪಿಯನ್ನು ಬಿಡಲಿಲ್ಲ; ಇಂದಿಗೂ ಬಿಟ್ಟಿಲ್ಲ.

ಕಡತ ತಾನು ಯಾವ ಲಿಪಿಯಲ್ಲಿದ್ದೇನೆಂದು ಬಾಯಿಬಿಟ್ಟು ಹೇಳುವುದಿಲ್ಲ. ಕುರುಹುಗಳನ್ನು ನಾವೇ ಹುಡುಕಬೇಕು. ಎಬ್ಸಿಡಿಕ್‌ನಲ್ಲಿ ಪದಗಳ ನಡುವಿನ ಖಾಲಿ ಜಾಗಕ್ಕೆ 64. ಆಸ್ಕಿಯಲ್ಲಿ 64 ಎಂದರೆ ಇಂದಿನ ಮಿಂಚಂಚೆಯ ವಿಳಾಸಗಳಲ್ಲಿ ಬರುವ 'ಅಟ್' ಚಿಹ್ನೆ. ತೆರೆಯ ಮೇಲೆ ಆ ಚಿಹ್ನೆ ಸಾಲುಸಾಲಾಗಿ ಮೂಡಿದರೆ, ಕಡತ ಪರಿವರ್ತನೆಯಾಗದೆ ಬಂದಿದೆಯೆಂದು ತಿಳಿಯಬಹುದು. ಎಬ್ಸಿಡಿಕ್‌ನಲ್ಲಿಯೇ ದೇಶಕ್ಕೊಂದು ಪಾಠಾಂತರವಿದೆ: 91 ಎಂಬ ಸ್ಥಾನದಲ್ಲಿ ಅಮೆರಿಕದ ಪಟ್ಟಿ ಡಾಲರನ್ನಿಟ್ಟರೆ ಬ್ರಿಟನ್ನಿನ ಪಟ್ಟಿ ಪೌಂಡನ್ನಿಡುತ್ತದೆ. ಪಟ್ಟಿ ತಪ್ಪಿದರೆ ಲಂಡನ್ನಿನ ಪೌಂಡು ಡಾಲರಾಗಿ ಇಳಿಯುತ್ತದೆ.

ಇದಕ್ಕಿಂತ ಮೋಸಕರವಾದುದು ಲೆಕ್ಕದ ಅಂಕಣ. ಮೇನ್‌ಫ್ರೇಮ್ ಒಮ್ಮೊಮ್ಮೆ ಕೂಡು-ಕಳೆ ಚಿಹ್ನೆಯನ್ನು ಕೊನೆಯ ಅಂಕಿಯೊಳಗೇ ಬೆರೆಸಿಬಿಡುತ್ತದೆ. ಆಗ 12345 ಜಮಾ ಇದ್ದರೆ 1234 ಆದಮೇಲೆ 'ಇ' ಎಂಬ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಅಷ್ಟೇ ಸಾಲವಿದ್ದರೆ 'ಎನ್'. ಆ ಅಕ್ಷರವನ್ನು ಕಸವೆಂದು ಅಳಿಸಿದವರು ಒಂದು ಅಂಕಿಯ ಜೊತೆಗೆ ಸಾಲಗಾರನ ಸಾಲವನ್ನೂ ಅಳಿಸಿದಂತೆ! ಜಾಗ ಉಳಿಸಲು ಒಂದಕ್ಷರದ ಸ್ಥಳದಲ್ಲಿ ಎರಡು ಅಂಕಿಗಳನ್ನು ಒತ್ತಿ ತುಂಬುವ ಪದ್ಧತಿಯೂ ಇದೆ. ಅದರಲ್ಲಿ 12345ರ ಕೊನೆಯ 5, ಕೂಡು ಚಿಹ್ನೆಯೊಡನೆ ಸೇರಿ 92 ಎಂಬ ಸಂಖ್ಯೆಯಾಗುತ್ತದೆ. ಎಬ್ಸಿಡಿಕ್‌ನಲ್ಲಿ 92 ನಕ್ಷತ್ರಚಿಹ್ನೆ. ಆಸ್ಕಿಯಲ್ಲಿ ಅದೇ ಚಿಹ್ನೆಗೆ 42. ಇಡೀ ಕಡತವನ್ನು ಅಕ್ಷರವೆಂದೇ ಬಗೆದು ಪರಿವರ್ತಿಸಿದರೆ 92 ಹೋಗಿ 42 ಬರುತ್ತದೆ. ಬಿಚ್ಚಿ ನೋಡಿದರೆ 5 ಇದ್ದಲ್ಲಿ 2 ಕುಳಿತಿರುತ್ತದೆ.

ಬಲ್ಲವರು ಕಡತವನ್ನು ಮೊದಲು ಇದ್ದ ಹಾಗೆಯೇ, ಪರಿವರ್ತಿಸದೆ ತರುತ್ತಾರೆ. ಬಳಿಕ ಮೂಲ ಕೋಬಾಲ್ ಕ್ರಮವಿಧಿಯ ವಿವರಣೆಯನ್ನು ಎದುರಿಗಿಟ್ಟುಕೊಂಡು ಹೆಸರನ್ನು ಪಟ್ಟಿಯಿಂದಲೂ ಹಣವನ್ನು ಲೆಕ್ಕದಿಂದಲೂ ಬಿಡಿಸಿ, ಕೊನೆಗೆ ಎರಡೂ ಯಂತ್ರಗಳ ಒಟ್ಟು ಮೊತ್ತವನ್ನು ತಾಳೆ ನೋಡುತ್ತಾರೆ.

ಕನ್ನಡಕ್ಕೂ ಇದೇ ಗತಿ ಬಂದಿದೆ. 1991ರಲ್ಲಿ ಬಂದ ಯೂನಿಕೋಡ್‌ನಲ್ಲಿ ನಮ್ಮ ಲಿಪಿಗೆ ಸ್ವಂತ ಸ್ಥಾನವಿತ್ತು. 'ಕ' ಎಂದರೆ 3221. ಆದರೆ ಆ ದಶಕದ ಅಚ್ಚುಕೆಲಸವೆಲ್ಲ ನಡೆದದ್ದು ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳಿಂದ. ಒಂದೊಂದಕ್ಕೂ ಒಂದೊಂದು ಪಟ್ಟಿ. ನಮ್ಮ ಸಂಘದ ಅಂದಿನ ಸಂಚಿಕೆಗಳ ಫ್ಲಾಪಿಗಳಲ್ಲಿ ಕೆಲವು ಇನ್ನೂ ತೆರೆದುಕೊಳ್ಳುತ್ತವೆ. ಕಾಣುವುದು ಮಾತ್ರ ಕೊಂಬುಮೀಸೆ ಹೊತ್ತ ಐರೋಪ್ಯ ಅಕ್ಷರಗಳು. ಫಾಂಟಿನ ಹೆಸರು ತಿಳಿದವು ಸುಲಭವಾಗಿ ಯೂನಿಕೋಡಿಗೆ ಬಂದವು. ತಿಳಿಯದವಕ್ಕೆ, ಅಚ್ಚಾದ ಪುಟವನ್ನು ಪಕ್ಕದಲ್ಲಿರಿಸಿ ಒಂದೊಂದೇ ಅಕ್ಷರವನ್ನು ಹೊಂದಿಸುತ್ತ ನಾನೇ ಪಟ್ಟಿ ಬರೆಯುತ್ತಿದ್ದೇನೆ. ಮೂರು ಲೇಖನಗಳು ಪೂರ್ತಿಯಾಗಿ ಓದಲು ಬಂದಿವೆ. ಒತ್ತಕ್ಷರಗಳಲ್ಲಿ ಇನ್ನೂ ತೊಡಕಿದೆ. ಅಚ್ಚಾದ ಪ್ರತಿಯೇ ಸಿಗದ ಸಂಚಿಕೆಗಳು ಎರಡಿವೆ. ಪ್ರತಿನಿಧಿಗಳಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಆ ದಿನಗಳ ಹಳೆಯ ಸಂಚಿಕೆಗಳಿದ್ದರೆ, ಹರಿದಿದ್ದರೂ ಸರಿಯೆ, ದಯವಿಟ್ಟು ಎಸೆಯದೆ ಸಮ್ಮೇಳನಕ್ಕೆ ತನ್ನಿ.