ಈ ಹೆಸರುಗಳನ್ನು ನಮ್ಮ ಮಕ್ಕಳು ಕೇಳಿರುವರೇ?

ಶೇಷಾದ್ರಿಪುರಂ ಎಂಬ ಹೆಸರು ಯಾರದೆಂದು ಕೇಳಿದರೆ ಅಲ್ಲಿನ ಶಾಲಾ ಬಾಲಕನೂ ಉತ್ತರಿಸಬಲ್ಲ: ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರದು. ಆದರೆ ಆ ಬಡಾವಣೆಯ ಹೆಸರು ಹೊತ್ತು ಇಂದು ಹಲವು ಕಾಲೇಜುಗಳಾಗಿ ಬೆಳೆದಿರುವ ವಿದ್ಯಾಸಂಸ್ಥೆಯನ್ನು 1930ರಲ್ಲಿ ಒಂದು ಪುಟ್ಟ ಪ್ರಾಥಮಿಕ ಶಾಲೆಯಾಗಿ ಆರಂಭಿಸಿದವರು ಆನಂದಮ್ಮ ಮತ್ತು ಸೀತಮ್ಮ ಎಂಬ ಇಬ್ಬರು ಮಹಿಳೆಯರು. ದಿವಾನರ ಪ್ರತಿಮೆ ಕಬ್ಬನ್ ಉದ್ಯಾನದಲ್ಲಿದೆ. ಈ ತಾಯಂದಿರ ವಿಷಯವಾಗಿ ನನಗೆ ಓದಲು ಸಿಕ್ಕಿದ್ದು ಒಂದೆರಡು ವಾಕ್ಯ ಮಾತ್ರ.

2015ರಲ್ಲಿ ಸ್ವೀಡನ್ ದೇಶದ ಹದಿನಾರು ವರ್ಷದ ಮಕ್ಕಳಿಗೆಲ್ಲ ನೈಜೀರಿಯಾದ ಲೇಖಕಿ ಚಿಮಮಾಂಡ ಅಡೀಚಿಯವರ ಸ್ತ್ರೀವಾದ ಕುರಿತ ಕಿರುಹೊತ್ತಗೆಯನ್ನು ಹಂಚುವ ಕಾರ್ಯ ಆರಂಭವಾಯಿತು. ನಮ್ಮ ಮನೆಗಳಲ್ಲೋ, ಆ ಪದ ಕಿವಿಗೆ ಬಿದ್ದೊಡನೆ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಅದು ಹೊರದೇಶದ ಸರಕು, ಸಂಸಾರ ಒಡೆಯುವ ಮಾತು ಎಂಬ ಭಾವನೆ. ಹಾಗೆನ್ನುವವರು ಕಾರ್ಕಳದ ಕಡೆಗೆ ಒಮ್ಮೆ ನೋಡಬೇಕು.

ಕಾರ್ಕಳದ ಸಮೀಪದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರು ತಮ್ಮ ಪತ್ನಿಗೆ ಸಂಸ್ಕೃತ ಕಲಿಸಿದ 'ಅಪರಾಧ'ಕ್ಕಾಗಿ ಉಡುಪಿಯಲ್ಲಿ ಪಂಡಿತರೆದುರು ಉತ್ತರ ಹೇಳಬೇಕಾಯಿತು. ಊರಿನಿಂದ ದೂರ, ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಅವರಿಗೆ ಜನಿಸಿದ ಮಗಳೇ ಪಂಡಿತಾ ರಮಾಬಾಯಿ. ಆಕೆಗೆ ಸಂಸ್ಕೃತ ಒಲಿದದ್ದು ತಾಯಿಯ ಬಾಯಿಂದ. ಬರಗಾಲದಲ್ಲಿ ತಂದೆತಾಯಿಯರನ್ನು ಕಳೆದುಕೊಂಡು, ನಾಡೆಲ್ಲ ನಡೆದು, ಕಲ್ಕತ್ತೆಯ ವಿದ್ವಾಂಸರಿಂದ 'ಪಂಡಿತಾ' ಬಿರುದು ಪಡೆದರು. 1882ರಲ್ಲಿ ಹಂಟರ್ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗಾಗಿ ಮಹಿಳಾ ವೈದ್ಯರೂ ಮಹಿಳಾ ಶಾಲಾ ತನಿಖಾಧಿಕಾರಿಗಳೂ ಬೇಕೆಂದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು.

ಇಲ್ಲಿಗೇ ಕಥೆ ನಿಲ್ಲಿಸುವುದು ನಮ್ಮ ವಾಡಿಕೆ. ಆದರೆ ಅಲ್ಲಿ ಗಂಡುಮಕ್ಕಳಿಗೆ ಆಕೆ ಪಾಠ ಹೇಳುವುದು ತರವಲ್ಲವೆಂದು ಧರ್ಮಸಭೆಯ ಹಿರಿಯರು ಆಕ್ಷೇಪಿಸಿದಾಗ, ರಮಾಬಾಯಿ ತಲೆಬಾಗಲಿಲ್ಲ. ಪತ್ರಗಳಲ್ಲಿ ನೇರವಾಗಿ ವಾದಿಸಿದರು. ಪಂಡಿತರೆದುರು ತಂದೆ ತೋರಿದ ಧೈರ್ಯವನ್ನು ಮಗಳು ಬಿಷಪರೆದುರು ತೋರಿದಳು. ಈ ಪುಟವನ್ನೂ ಸೇರಿಸಿಯೇ ನಮ್ಮ ಮಕ್ಕಳಿಗೆ ಓದಿಸಬೇಕು. ಇಲ್ಲವಾದರೆ ನಾವು ಹೇಳುವುದು ಅರ್ಧ ರಮಾಬಾಯಿಯನ್ನು. 1889ರಲ್ಲಿ ಮುಂಬಯಿಯಲ್ಲಿ ಅವರು ತೆರೆದ ಶಾರದಾ ಸದನ ವಿಧವೆಯರಿಗೆ ಅಕ್ಷರವನ್ನೂ ಆಸರೆಯನ್ನೂ ಕೊಟ್ಟಿತು.

ನಮ್ಮ ನಗರದಲ್ಲೂ ಬಾಲ್ಯದಲ್ಲೇ ಪತಿಯನ್ನು ಕಳೆದುಕೊಂಡ ಒಬ್ಬಾಕೆ ಮೂಲೆ ಸೇರಲು ಒಪ್ಪಲಿಲ್ಲ. ಆರ್. ಕಲ್ಯಾಣಮ್ಮನವರು 1913ರಲ್ಲಿ ಶಾರದಾ ಸ್ತ್ರೀ ಸಮಾಜವನ್ನು ಕಟ್ಟಿದರು; 'ಸರಸ್ವತಿ' ಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು; 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ತೆರೆದರು. ಅದೇ 1913ರಲ್ಲಿ ನಂಜನಗೂಡು ತಿರುಮಲಾಂಬ ಎಂಬ ಮತ್ತೊಬ್ಬ ಬಾಲವಿಧವೆ 'ಸತಿಹಿತೈಷಿಣಿ' ಗ್ರಂಥಮಾಲೆಯನ್ನು ಆರಂಭಿಸಿದರು. ಆ ಹೆಸರು ಇಂದಿನ ಹುಡುಗಿಯರಿಗೆ ನಗು ತರಿಸೀತು. ನಗಲಿ, ಅಡ್ಡಿಯಿಲ್ಲ. ಆದರೆ ವಿಧವೆಯ ಮುಖ ನೋಡುವುದೇ ಅಪಶಕುನವೆಂದಿದ್ದ ಕಾಲದಲ್ಲಿ ಒಬ್ಬ ವಿಧವೆ ಪುಸ್ತಕ ಬರೆದು, ತಾನೇ ಪ್ರಕಟಿಸಿದಳೆಂಬುದನ್ನೂ ಅವರು ತಿಳಿಯಲಿ.

ಇದೇ ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿದೆ. 1915ರಲ್ಲಿ ಮೊದಲ ಸಾಹಿತ್ಯ ಸಮ್ಮೇಳನ ನಡೆಯಿತು. ಮಹಿಳೆಯೊಬ್ಬರು, ಜಯದೇವಿತಾಯಿ ಲಿಗಾಡೆ, ಅಧ್ಯಕ್ಷ ಪೀಠವೇರಿದ್ದು 1974ರ ಮಂಡ್ಯ ಸಮ್ಮೇಳನದಲ್ಲಿ. ಐವತ್ತೊಂಬತ್ತು ವರ್ಷ!

ಈ ದನಿಗಳೆಲ್ಲ ಒಂದೇ ರಾಗದವಲ್ಲ. ಕಲಬುರಗಿಯ ಗಿರಣಿ ಕಾರ್ಮಿಕನ ಮಗಳು ಗೀತಾ ನಾಗಭೂಷಣ ಹೊಟ್ಟೆಪಾಡಿನ ಹೆಣ್ಣುಮಕ್ಕಳನ್ನು ಕುರಿತು ಬರೆದು, 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಕಾಸರಗೋಡಿನ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿ ತಲಾಖಿನಿಂದ ನೊಂದ ಹೆಣ್ಣಿನ ಬದುಕನ್ನು ತೆರೆದಿಟ್ಟು, ತಮ್ಮವರಿಂದಲೇ ವಿರೋಧ ಕಟ್ಟಿಕೊಂಡರು. ಮಸೀದಿ ಪ್ರವೇಶದ ಹಕ್ಕು ಮಹಿಳೆಯರಿಗೂ ಇದೆಯೆಂದು ಹೇಳಿ 2000ದಲ್ಲಿ ಸಾಮಾಜಿಕ ಬಹಿಷ್ಕಾರ ಅನುಭವಿಸಿದ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು.

ಬಾನು ಅವರನ್ನು ಎಂಟನೆಯ ವಯಸ್ಸಿನಲ್ಲಿ ತಂದೆ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿದ್ದರು. ಆರು ತಿಂಗಳೊಳಗೆ ಕನ್ನಡ ಓದಲು, ಬರೆಯಲು ಕಲಿಯಬೇಕೆಂಬುದು ಶಾಲೆಯ ಷರತ್ತು. ಹುಡುಗಿಗೆ ಕೆಲವೇ ದಿನ ಸಾಕಾಯಿತು.